ಸದ್ದು ನುಂಗುವ ಪೆಟ್ಟಿಗೆ

ಹಟಗಾರ ಓಣಿಯಲ್ಲಿ ಮೊದಲ ಬಾರಿಗೆ ಸದ್ದು ನಿಂತ ದಿನ ಮೂರು ಮಂದಿ ಕಿವಿ ಹೋಯಿತೆಂದು ದವಾಖಾನೆಗೆ ಓಡಿದರು. ಒಬ್ಬ ಮುದುಕಿ ತಾನು ಸತ್ತೇ ಹೋದೆನೆಂದು ತಿಳಿದು, ಸೊಸೆಯನ್ನು ಕರೆದು, ಕಪಾಟಿನ ಕೀಲಿ ಎಲ್ಲಿದೆ ಎಂದು ಹೇಳಿಬಿಟ್ಟಳು. ಬದುಕಿರುವುದು ಗೊತ್ತಾದ ಮೇಲೆ ಕೀಲಿ ವಾಪಸು ಕೇಳಿದರೆ ಸೊಸೆ ಕೊಡಲಿಲ್ಲ.

ನಗುವುದು ಸುಲಭ. ಆ ಓಣಿಯಲ್ಲಿ ಒಂದು ವಾರ ಇದ್ದು ನೋಡಬೇಕು. ಅಲ್ಲಿ ಮನೆ ಮನೆಯಲ್ಲೂ ವಿದ್ಯುತ್ ಮಗ್ಗ. ಬೆಳಗಿನ ಚಹಾಕ್ಕೆ ಮೊದಲೇ ಖಟಕ್-ಖಟಕ್ ಶುರುವಾದರೆ ಕರೆಂಟು ಹೋಗುವ ತನಕ ನಿಲ್ಲುವುದಿಲ್ಲ. ಅಲ್ಲಿಯ ಮಕ್ಕಳು ಮಾತು ಕಲಿಯುವುದೇ ಕೂಗಾಡುತ್ತ. 'ಉಪ್ಪು ಕೊಡು' ಎನ್ನುವುದನ್ನೂ ಹೊಳೆಯಾಚೆಯವನನ್ನು ಕರೆದ ಹಾಗೆ ಹೇಳುತ್ತಾರೆ. ಬೇರೆ ಊರಿನ ಬೀಗರು ಬಂದರೆ, ಒಳಗೆ ಜಗಳ ನಡೆದಿದೆ ಎಂದುಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ವಯಸ್ಸಾದ ನೇಕಾರನಿಗೆ ಅರ್ಧ ಕಿವಿ ಉಳಿದಿದ್ದರೆ ಅವನು ಪುಣ್ಯವಂತ.

ಇಂಥ ಓಣಿಗೆ ಮುಬೀನಾ ನದಾಫ ಆ ಪೆಟ್ಟಿಗೆ ತಂದಳು. ಅವಳು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳು. ಅವಳಜ್ಜ ಇದೇ ಓಣಿಯಲ್ಲಿ ಮನೆ ಮನೆಗೆ ಹೋಗಿ ಗಾದಿಯ ಹತ್ತಿ ಹಿಂಜಿಕೊಡುತ್ತಿದ್ದ. "ಅಜ್ಜ ಹತ್ತಿ ಹಿಂಜಿದ, ನಾ ಸದ್ದು ಹಿಂಜತೀನಿ" ಎನ್ನುವುದು ಅವಳ ಜಂಬ. ಪೆಟ್ಟಿಗೆ ಎಂದರೆ ಟ್ರಂಕಿನಷ್ಟು ದೊಡ್ಡ ಒಂದು ಕಂಪ್ಯೂಟರು. ಅದರಿಂದ ಹೊರಟ ತಂತಿಗಳು ಓಣಿಯ ಉದ್ದಕ್ಕೂ ಹರಿದು, ಪ್ರತಿ ಮನೆಯ ಸೂರಿನ ಕೆಳಗೂ ಕೇಳುವುದಕ್ಕೊಂದು ಮೈಕು, ಹೇಳುವುದಕ್ಕೊಂದು ಸ್ಪೀಕರು. ಇದು ಪ್ರಯೋಗ, ಯಶಸ್ವಿಯಾದರೆ ಊರಿಗೆಲ್ಲ ಹಾಕುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಪೆಟ್ಟಿಗೆಯನ್ನು ಕಾಶವ್ವನ ಪಡಸಾಲೆಯಲ್ಲಿ ಇಟ್ಟರು. ಅವಳ ಮನೆ ಓಣಿಯ ನಟ್ಟನಡುವೆ ಇತ್ತು ಎನ್ನುವುದು ಒಂದು ಕಾರಣ. ಅವಳ ಬಾಯಿಗೆ ಹೆದರಿ ಯಾರೂ ಅದರ ಹತ್ತಿರ ಸುಳಿಯುವುದಿಲ್ಲ ಎನ್ನುವುದು ನಿಜವಾದ ಕಾರಣ.

"ಇದು ಸದ್ದು ಹೆಂಗ ನುಂಗತೈತಿ?" ಎಂದು ಕಾಶವ್ವ ಮೊದಲ ದಿನವೇ ಕೇಳಿದ್ದಳು.

"ಕಾಕೂ, ನೀವು ತೊಟ್ಟಲಾ ತೂಗೀರಿಲ್ಲ? ಸದ್ದು ಅಂದ್ರ ಗಾಳಿ ತೂಗೂದು. ಆ ಕಡಿಂದ ಮಗ್ಗ ತಳ್ಳತೈತಿ. ಅದ ಹೊತ್ತಿಗೆ ಈ ಕಡಿಂದ ಪೆಟ್ಟಿಗಿ ಅಷ್ಟ ಜೋರಿಲೆ ತಳ್ಳಿದ್ರ ಏನಾಗತೈತಿ?"

"ತೊಟ್ಟಲಾ ನಿಂದರತೈತಿ."

"ಆತಲ್ಲ, ಇಷ್ಟ."

"ಮತ್ತ ಹೊತ್ತು ತಪ್ಪಿದ್ರ?"

"ತಪ್ಪಿದ್ರ ಕೂಸು ಹಾರಿ ಬೀಳತೈತಿ. ಸದ್ದು ಎರಡ ಪಟ್ಟು. ಅದಕ್ಕ ಇದು ಮಗ್ಗ ಬಡಿಯೂಕಿಂತ ಮೊದಲ ಲೆಕ್ಕಾ ಹಾಕಿ ಕುಂತಿರಬೇಕು."

"ಬಡಿಯೂಕಿಂತ ಮೊದಲ ಇದಕ್ಕ ಹೆಂಗ ಗೊತ್ತಾಗತೈತಿ? ಇದೇನು ಶಾಸ್ತ್ರ ಹೇಳತೈತೇನು?"

"ಮಗ್ಗ ಹೇಳಿದ್ದನ್ನ ಹೊಳ್ಳಿ ಹೊಳ್ಳಿ ಹೇಳತೈತಿ, ಕಾಕೂ. ಮನಷ್ಯಾರು ಹಂಗಲ್ಲ. ಹೇಳಿದ್ದನ್ನ ಹೇಳೂದು ಯಾವುದೈತಿ, ಅದನ್ನಷ್ಟ ಇದು ನುಂಗತೈತಿ. ಮಾತು, ನಗಿ, ಅಳು ಇದರ ಲೆಕ್ಕಕ್ಕ ಸಿಗಂಗಿಲ್ಲ."

ಸದ್ದಿಲ್ಲದ ಓಣಿಗೆ ಹೊಂದಿಕೊಳ್ಳಲು ಜನರಿಗೆ ಬಹಳ ದಿನ ಹಿಡಿಯಿತು. ಮೊದಮೊದಲು ಎಲ್ಲರೂ ಹಳೇ ಚಾಳಿಯಂತೆ ಕೂಗಿಯೇ ಮಾತಾಡಿದರು, ಹಾಗಾಗಿ ಮನೆಯೊಳಗಿನ ಗುಟ್ಟೆಲ್ಲ ಬೀದಿಗೆ ಬಿತ್ತು. ಅತ್ತೆಯಂದಿರು ಹಲ್ಲು ಕಚ್ಚಿಕೊಂಡು ಗೊಣಗುವುದು ಸೊಸೆಯರಿಗೆ ಸ್ಪಷ್ಟ ಕೇಳಿಸಿ ಎರಡು ಮನೆಗಳಲ್ಲಿ ಒಲೆ ಬೇರೆಯಾಯಿತು. ಕೂಸುಗಳು ಖಟಕ್-ಖಟಕ್ ಇಲ್ಲದೆ ಮಲಗಲೊಲ್ಲವು. ಕರೆಂಟು ಹೋದರೆ ಗೊತ್ತೇ ಆಗುತ್ತಿರಲಿಲ್ಲ. ಮಗ್ಗವೂ ನಿಲ್ಲುತ್ತಿತ್ತು, ಪೆಟ್ಟಿಗೆಯೂ ನಿಲ್ಲುತ್ತಿತ್ತು, ಕಿವಿಗೆ ಎರಡೂ ಒಂದೇ. ಇನ್ನು ಎದುರುಮನೆಯ ಈರಭದ್ರಪ್ಪನ ಗೊರಕೆ. ಗೊರಕೆಯೂ ಹೇಳಿದ್ದನ್ನೇ ಹೇಳುವ ಸದ್ದು ತಾನೆ? ಪೆಟ್ಟಿಗೆ ಅದನ್ನೂ ಕಲಿತು ನುಂಗಿಬಿಟ್ಟಿತು. ಈರಭದ್ರಪ್ಪನ ಹೆಂಡತಿ ಮಲ್ಲಿಗೆ ಮಾಲೆ ತಂದು ಪೆಟ್ಟಿಗೆಯ ಕೊರಳಿಗೆ ಹಾಕಿದಳು. ಕೊರಳು ಎಲ್ಲಿದೆ ಎಂದು ಹುಡುಕಿ ಹಾಕಿದಳು.

ಕಾಶವ್ವನಿಗೆ ಸಿಕ್ಕಿದ್ದು ಇದೆಲ್ಲಕ್ಕಿಂತ ದೊಡ್ಡದು. ಅವಳಿಗೆ ಗಂಡ ಸಿಕ್ಕಿದ.

ಗುರುಪಾದಪ್ಪ ಒಂದು ಕಾಲಕ್ಕೆ ಓಣಿಯನ್ನೆಲ್ಲ ನಗಿಸುತ್ತಿದ್ದ ಮನುಷ್ಯ. ಹೆಣದ ಮನೆಯಲ್ಲೂ ಅವನು ಬಾಯಿ ತೆಗೆದರೆ ಅಳುವವರು ಸೆರಗು ಬಾಯಿಗೊತ್ತಿಕೊಳ್ಳಬೇಕಿತ್ತು. ಆಮೇಲೆ ಗಂಟಲಲ್ಲಿ ಗಂಟಾಯಿತು. ಡಾಕ್ಟರು ಕೊಯ್ದು ಜೀವ ಉಳಿಸಿದರು, ದನಿ ಉಳಿಸಲಿಲ್ಲ. ಉಳಿದದ್ದು ಬರೀ ಉಸಿರಿನ ಪಿಸುಮಾತು. ಮಗ್ಗದ ಗದ್ದಲದಲ್ಲಿ ಪಿಸುಮಾತು ಯಾರಿಗೆ ಕೇಳಬೇಕು? ಮೈಕು ಹಿಡಿದು ನೋಡಿದರು, ಗಡಿಗೆಯಲ್ಲಿ ಹಾವು ಬುಸುಗುಟ್ಟಿದ ಹಾಗಾಯಿತು. ಬರೆದು ತೋರಿಸು ಎಂದರೆ ಸಿಟ್ಟಿಗೇಳುತ್ತಿದ್ದ. ಬರೆದು ಕೊಟ್ಟರೆ ಅದು ಅರ್ಜಿಯಾಗುತ್ತದೆ, ಹಾಸ್ಯವಾಗುವುದಿಲ್ಲ ಎಂಬುದು ಅವನ ವಾದ. ಕರೆಂಟು ಹೋದಾಗಲೂ ಕಾಶವ್ವನ ಕಿವಿಯೊಳಗೆ ಮಗ್ಗ ಗುಂಯ್‌ಗುಡುತ್ತಲೇ ಇರುತ್ತಿತ್ತು. ಹೀಗೆ ಏಳೆಂಟು ವರ್ಷ ಗಂಡ ಹೆಂಡತಿ ಕೈಸನ್ನೆಯಲ್ಲಿ ಬಾಳಿದ್ದರು. ಕಾಶವ್ವನ ಸಿಟ್ಟು ಮೊದಲಿಗಿಂತ ಹೆಚ್ಚಾಗಿದ್ದು ಆ ವರ್ಷಗಳಲ್ಲೇ. ಬೈದರೆ ತಿರುಗಿ ಒಂದು ಮಾತು ಬರದ ಮನೆಯಲ್ಲಿ ಬೈಗುಳಕ್ಕೆ ರುಚಿಯಿಲ್ಲ.

ಪೆಟ್ಟಿಗೆ ಬಂದ ಹೊಸದರಲ್ಲಿ ಅದು ಗುರುಪಾದಪ್ಪನ ಪಿಸುಮಾತನ್ನು ಫ್ಯಾನಿನ ಸದ್ದೆಂದು ತಿಳಿದು ನುಂಗತೊಡಗಿತ್ತು. ಮುಬೀನಾ ಒಂದು ಸಂಜೆಯೆಲ್ಲ ಅವನನ್ನು ಮೈಕಿನ ಮುಂದೆ ಕೂರಿಸಿ, 'ಇದು ಮನುಷ್ಯ, ಇದನ್ನು ಬಿಡು' ಎಂದು ಅದಕ್ಕೆ ಕಲಿಸಿದಳು. ಮರುದಿನ ಕಾಶವ್ವ ರೊಟ್ಟಿ ಬಡಿಯುತ್ತಿದ್ದಾಗ ಬೆನ್ನ ಹಿಂದಿನಿಂದ ಮಾತು ಕೇಳಿಸಿತು:

"ಏ ಕಾಶಿ, ರೊಟ್ಟಿ ಬಡೀತಿಯೋ, ಯಾರನ್ನರ ನೆನಸಿಕೊಂಡು ಬಡೀತಿಯೋ?"

ಅವಳು ಹಿಟ್ಟಿನ ಕೈಯಲ್ಲೇ ತಿರುಗಿ ನಿಂತಳು. "ನಿಮ್ಮನ್ನ ನೆನಸಿಕೊಂಡು!" ಎಂದು ಕೂಗಿದಳು. ಆ ರೊಟ್ಟಿ ಸುಟ್ಟು ಕರಕಲಾಯಿತು. ಇಬ್ಬರೂ ಅದನ್ನೇ ತಿಂದರು.

ಅಂದಿನಿಂದ ದಿನಾ ಸಂಜೆ ಕಾಶವ್ವನ ಮನೆಯ ಕಟ್ಟೆಯ ಮೇಲೆ ಕತೆಯ ಕೂಟ. ಇದು ಹೀಗೇ ನಡೆಯಬೇಕಿತ್ತು. ಆದರೆ ಈರಭದ್ರಪ್ಪ ಹೊಸ ಮಗ್ಗ ತಂದ. ಲಾಳಿ ಇಲ್ಲದ, ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಬಾರಿ ಬಡಿಯುವ ಮಗ್ಗ. ಪೆಟ್ಟಿಗೆಯ ಲೆಕ್ಕ ಅದರ ಹಿಂದೆ ಓಡಿ ಓಡಿ ಸೋತಿತು. ಹೊತ್ತು ತಪ್ಪಿದ ಸದ್ದು ಸೂರಿನಿಂದ ಸೋರತೊಡಗಿತು.

ಮುಬೀನಾ ಬಂದು ಕಂಪ್ಯೂಟರಿನ ತೆರೆಯ ಮೇಲೆ ವೇಗದ ಗೆರೆಯನ್ನು ತೋರಿಸಿಕೊಟ್ಟಳು. "ಕಾಕೂ, ಇದರ ಚಿಪ್ಪಿಗೆ ಒಂದು ತಾಳ ಐತಿ. ಆ ತಾಳ ಏರಿಸಿದ್ರ ಲೆಕ್ಕಾ ಜೋರು ಮಾಡತೈತಿ. ನಾ ಒಂದು ಗೆರಿ ಏರಿಸೀನಿ. ಬಹಳ ತ್ರಾಸಾದ್ರ ಇನ್ನೊಂದು ಏರಸ್ರಿ. ಅದರ ಮ್ಯಾಲ ಮುಟ್ಟಬ್ಯಾಡ್ರಿ, ಕಾದು ಸಾಯತೈತಿ."

"ಆತು" ಎಂದಳು ಕಾಶವ್ವ. ಮನಸ್ಸಿನಲ್ಲಿ ಮಾತ್ರ, ಈ ಹುಡುಗಿಗೆ ಯಂತ್ರದ ವಿಷಯದಲ್ಲಿ ಧೈರ್ಯ ಕಡಿಮೆ ಎಂದುಕೊಂಡಳು. ಮದುವೆ ಹಂಗಾಮಿನಲ್ಲಿ ಮಗ್ಗ ಜೋರಾಗಿ ಓಡಬೇಕೆಂದರೆ ಅವಳು ಮೋಟಾರಿಗೆ ದೊಡ್ಡ ಪುಲಿ ಗಾಲಿ ಹಾಕಿ, ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದಳು. ಮಗ್ಗ ನರಳುತ್ತಲೇ ಓಡುತ್ತಿತ್ತು. ನರಳದ ಯಂತ್ರ ಎಲ್ಲಿದೆ?

ಆ ಸಂಜೆ ಗುರುಪಾದಪ್ಪ ಕಟ್ಟೆಯ ಮೇಲೆ ಹೊಸ ಕತೆ ತೆಗೆದ. ಒಬ್ಬ ನೇಕಾರ. ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ಹೋದ. ಗುಡ್ಡದ ಮೇಲಿನ ಊರು, ಮಗ್ಗವಿಲ್ಲ, ಕರೆಂಟು ಇನ್ನೂ ಬಂದಿಲ್ಲ. ಹೋಳಿಗೆ ಉಂಡ, ತುಪ್ಪ ಸುರುವಿಕೊಂಡ, ಮಲಗಿದ. ನಿದ್ದೆ ಬರಲಿಲ್ಲ. ಮರುದಿನವೂ ಇಲ್ಲ. ಅಳಿಯನ ಕಣ್ಣು ಕೆಂಡವಾದದ್ದು ನೋಡಿ ಅತ್ತೆಗೆ ಗಾಬರಿ. ಬೆಳ್ಳಿ ಉಡದಾರ ಸಣ್ಣದಾಯಿತೇನೋ ಎಂದು ದೊಡ್ಡದು ತಂದುಕೊಟ್ಟರು. ಅದನ್ನೂ ಕಟ್ಟಿಕೊಂಡ, ನಿದ್ದೆ ಮಾತ್ರ ಬರಲಿಲ್ಲ.

"ಕಡೀಕ ನಾಚಿಕಿ ಬಿಟ್ಟು ಹೇಳಿದ, 'ಮಾಮಾರ, ಇಲ್ಲಿ ಗದ್ದಲ ಇಲ್ಲರಿ' ಅಂತ." ಗುರುಪಾದಪ್ಪನ ಪಿಸುಮಾತಿಗೆ ಇಡೀ ಕಟ್ಟೆ ಮುಂದೆ ಬಾಗಿತ್ತು. "ಮಾವ ತೊಲಿಗೆ ಕೊಡಪಾನ ಕಟ್ಟಿ ಬಡದ. ಅತ್ತಿ ಹಿಟ್ಟಿನ ಪರಾತ ಬಡದ್ಲು. ಖಟಕ್-ಖಟಕ್. ಅಳಿಯಾ ಗೊರಕಿ ಹೊಡದ. ಊರ ಮಂದಿ ಕಳ್ಳರು ಬಂದ್ರಂತ ಲಾಟೀನ ಹಿಡಕೊಂಡು ಓಡಿ ಬಂದ್ರು. ಮಾವ ಬಾಯಿ ಮ್ಯಾಲ ಬೆರಳಿಟ್ಟು ಅಂದ, 'ಶ್ಶ್, ಅಳಿಯಾ ಮಲಗ್ಯಾನ. ಗದ್ದಲ ನಿಲ್ಲಸಬ್ಯಾಡ್ರಿ. ನೀವೂ ಒಂದೊಂದು ಹಿಡೀರಿ.'"

ಕಟ್ಟೆ ನಕ್ಕಿತು. ಕಾಶವ್ವ ನಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಅವಳ ತವರು ಗುಡ್ಡದ ಮೇಲಿತ್ತು. ಆ ಕೊಡಪಾನ ಅವಳಿಗೆ ಗೊತ್ತಿತ್ತು.

"ಒಬ್ಬೊಬ್ಬರಾಗಿ ಕೈಸೋತು ಕುಂತ್ರು. ಕಡೀಕ ಉಳದಾಕಿ ಹೊಸ ಹೇಣ್ತಿ ಒಬ್ಬಾಕಿ. ಸೌಟು ಹಿಡಕೊಂಡು ಕೊಡಾ ಬಡದ್ಲು, ಬಡದ್ಲು. ಬೆಳಕು ಹರಿಯೂ ಹೊತ್ತಿಗೆ ಅಕಿಗೂ ನಿದ್ದಿ ಹತ್ತಿತು. ಸದ್ದು ನಿಂತಿತು. ನಿಂತದ್ದ ತಡ, ಅಳಿಯಾ..."

ಅಷ್ಟರಲ್ಲಿ ಈರಭದ್ರಪ್ಪನ ಮನೆಯಲ್ಲಿ ಮತ್ತೊಂದು ಹೊಸ ಮಗ್ಗ ಶುರುವಾಯಿತು. ಸೂರಿನಿಂದ ಕರಕರ ಸೋರಿತು. ಗುರುಪಾದಪ್ಪನ ತುಟಿ ಅಲುಗುತ್ತಿತ್ತು, ಮಾತು ಕೇಳಲಿಲ್ಲ.

"ನಿಂದರ್ರಿ!" ಎಂದು ಕಾಶವ್ವ ಎದ್ದಳು. ಪಡಸಾಲೆಗೆ ನುಗ್ಗಿ, ವೇಗದ ಗೆರೆಯನ್ನು ಒಂದಲ್ಲ, ಎರಡಲ್ಲ, ತುದಿಯ ತನಕ ಏರಿಸಿದಳು. ಪೆಟ್ಟಿಗೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಆಗ ಓಣಿಯಲ್ಲಿ ಹಿಂದೆಂದೂ ಇಲ್ಲದಂಥ ನಿಶ್ಶಬ್ದ ಇಳಿಯಿತು. ಗೋಡೆಯ ಮೇಲೆ ಹಲ್ಲಿ ನಡೆದದ್ದು ಕೇಳಿಸಿತು. ಕಾಶವ್ವ ಗೆದ್ದವಳಂತೆ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಹೂಂ, ಹೇಳ್ರಿ" ಎಂದಳು.

"ಅಳಿಯಾ ದಡಬಡಿಸಿ ಎದ್ದು ಕುಂತ," ಎಂದ ಗುರುಪಾದಪ್ಪ. "ಕಣ್ಣು ತಿಕ್ಕೊಂಡ. ಆಕಡೆ ನೋಡಿದ, ಈಕಡೆ ನೋಡಿದ. ಹೇಣ್ತಿ ಕಡೆ ನೋಡಿ ಅಂದ..."

ಒಳಗೆ 'ಟಕ್' ಎಂದಿತು. ಮರುಕ್ಷಣ ಓಣಿಯ ಅಷ್ಟೂ ಮಗ್ಗಗಳ ಗದ್ದಲ ಗೋಡೆ ಕುಸಿದ ಹಾಗೆ ಕಟ್ಟೆಯ ಮೇಲೆ ಬಿತ್ತು.

ಆ ಹೊಸ ಹೆಂಡತಿ ಕಾಶವ್ವನೇ. ಸೌಟು ಹಿಡಿದೇ ನಿದ್ದೆ ಹೋಗಿದ್ದಳು. ಗಂಡ ಎದ್ದವನೇ ಏನೋ ಅಂದ, ತನ್ನ ಅವ್ವ ಅಪ್ಪ ಬಿದ್ದು ಬಿದ್ದು ನಕ್ಕರು ಎನ್ನುವುದಷ್ಟೇ ಅವಳಿಗೆ ಗೊತ್ತು. ಏನಂದ? ಕೇಳಿದಾಗೆಲ್ಲ 'ಹೊತ್ತು ಬಂದಾಗ ಹೇಳತೀನಿ' ಎಂದು ಸತಾಯಿಸುತ್ತಲೇ ಇದ್ದ. ಆಮೇಲೆ ದನಿಯೇ ಹೋಯಿತು. ಈಗ ಹೊತ್ತು ಬಂದಿತ್ತು, ತನ್ನ ಕೈಯಾರೆ ಅದನ್ನು ಸುಟ್ಟಿದ್ದಳು.

ಮರುದಿನ ಬೆಳಿಗ್ಗೆ ಅವಳು ಗಂಡನನ್ನು ಎಳೆದುಕೊಂಡು ಹೊಳೆಯ ದಂಡೆಗೆ ಹೋದಳು. ಅಲ್ಲಿ ನೀರು, ಕೊಕ್ಕರೆ ಬಿಟ್ಟರೆ ಏನೂ ಇಲ್ಲ. "ಹೇಳ್ರಿ ಈಗ."

ಗುರುಪಾದಪ್ಪ ಕಾಲು ನೀರಿಗಿಟ್ಟು ಕೂತ. "ಕತಿ ಕೇಳಾಕ ಓಣಿ ಮಂದೆಲ್ಲಾ ಕುಂತಿತ್ತು. ನಿನಗೊಬ್ಬಾಕಿಗೆ ತುದಿ ಹೇಳಿದ್ರ ಅವರು ನನ್ನ ಬಿಡ್ತಾರ? ಕಟ್ಟಿ ಮ್ಯಾಲ ತೆಗದ ಕತಿ ಕಟ್ಟಿ ಮ್ಯಾಲ ಮುಗೀಬೇಕು."

"ನಿಮ್ಮ ಕಟ್ಟಿಗೆ ಬೆಂಕಿ ಹಚ್ಚಾ!" ಎಂದಳು. ಅವನು ನಕ್ಕು ಕೊಕ್ಕರೆಯ ಕಡೆ ತಿರುಗಿದ.

ಮುಬೀನಾ ಬಂದಾಗ ಪೆಟ್ಟಿಗೆಯ ಫ್ಯಾನು ಸುತ್ತುವುದು, ನಿಲ್ಲುವುದು, ಮತ್ತೆ ಸುತ್ತುವುದು, ಮತ್ತೆ ನಿಲ್ಲುವುದು. ತೆರೆ ಕಪ್ಪು.

"ಕೆಮ್ಮಾಕತ್ತೈತಿ" ಎಂದಳು ಕಾಶವ್ವ, ಗದ್ದಲದ ಮೇಲೆ ಗಂಟಲು ಹರಿದುಕೊಂಡು.

"ಎಷ್ಟು ಗೆರಿ ಏರಿಸಿದ್ರಿ?"

"ಒಂದ."

"ಕಾಕೂ..."

"ತುದೀತನಕ ಏರಿಸೀನಿ! ಏನೀಗ? ಅಷ್ಟು ಗೆರಿ ಬರದಿಟ್ಟೀದಿ ಅಂದ ಮ್ಯಾಲ ಏರಸಾಕ ಅಂತನ ತಿಳಕೋಬೇಕಲ್ಲ! ಬ್ಯಾಡಂದ್ರ ಬರೀಬಾರದಿತ್ತು!"

ಮುಬೀನಾ ಮುಚ್ಚಳ ಬಿಚ್ಚಿದಳು. ಮೂಗು ತೂರಿಸಿ ಮೂಸಿದಳು, ಸುಟ್ಟ ವಾಸನೆ ಇಲ್ಲ. ಕರೆಂಟು ಕೊಡುವ ಡಬ್ಬಿಯನ್ನು ಬೇರೆ ಹಾಕಿ ನೋಡಿದಳು. ರ‍್ಯಾಮ್ ಎನ್ನುವ ನೆನಪಿನ ಪಟ್ಟಿಗಳನ್ನು ಕಿತ್ತು, ಅವುಗಳ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸಿದಳು. ಪೆಟ್ಟಿಗೆ ಕೆಮ್ಮುತ್ತಲೇ ಇತ್ತು. ಕಡೆಗೆ ಅವಳು ಎಲ್ಲ ತಂತಿ ಕಿತ್ತಿಟ್ಟು, ಮದರ್‌ಬೋರ್ಡಿನ ಮೂಲೆಯಲ್ಲಿದ್ದ ಗುಂಡಿಯಂಥ ಸಣ್ಣ ಸೆಲ್ ಒಂದನ್ನು ಉಗುರಿನಿಂದ ಎಬ್ಬಿಸಿ ತೆಗೆದಳು.

"ಇದ ಈ ಬೋರ್ಡಿನ ನೆನಪು ಕಾಯೋ ಸೆಲ್. ಕರೆಂಟ್ ಹೋದ್ರೂ ಇದರಿಂದ ಬೋರ್ಡಿಗೆ ನೆನಪಿರತೈತಿ. ಇದನ್ನ ತಗದ್ರ ಎಲ್ಲಾ ಮರೀತೈತಿ. ನಾಳೆ ಮುಂಜಾನಿ ತನಕ ಹಿಂಗ ಬೋಳು ಬಿಡ್ರಿ. ನಂದು ಕ್ಲಾಸ್ ಐತಿ, ಓಡತೀನಿ" ಎಂದು ಸೆಲ್ಲನ್ನು ಬೋರ್ಡಿನ ಪಕ್ಕ ಒಂದು ಬಟ್ಟಲಲ್ಲಿ ಇಟ್ಟು ಹೋದಳು.

ಎಲ್ಲಾ ಮರೆಯುತ್ತದೆ. ಬೋಳು. ಈ ಎರಡು ಮಾತು ಕಾಶವ್ವನನ್ನು ಬಿಡಲಿಲ್ಲ.

ನೇಕಾರರು ಮಗ್ಗವನ್ನು ಬೋಳು ಬಿಡುವುದಿಲ್ಲ. ಉದ್ದೆಳೆಗಳ ಒಂದು ಹಾಸು ಮುಗಿದರೆ ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ, ಹಳೆಯ ಎಳೆಗಳ ತುದಿಯನ್ನು ಬಾಚಣಿಗೆಯಂಥ ಅಚ್ಚಿನಲ್ಲೇ ಉಳಿಸಿಕೊಳ್ಳುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಗಂಟು ಹಾಕಿ ಎಳೆದುಕೊಳ್ಳುತ್ತಾರೆ. ಕಾಶವ್ವನ ಮಗ್ಗದ ಮೇಲೆ ಅವಳ ಅತ್ತೆ ಹೂಡಿದ ಹಾಸಿನ ಗಂಟಿಗೆ ಗಂಟು ಸೇರಿ ಇಂದಿಗೂ ನಡೆದಿತ್ತು. 'ಮಗ್ಗ ಬೋಳು ಮಾಡಿದ ಮನಿ ಬೋಳಾಗತೈತಿ' ಎಂದು ಅತ್ತೆ ಹೇಳಿದ್ದಳು. ಅದು ಹಾಳಾಗಲಿ. ಈ ಪೆಟ್ಟಿಗೆ ಎಲ್ಲ ಮರೆತರೆ ಗಂಡನ ಪಿಸುಮಾತನ್ನೂ ಮರೆಯುತ್ತದಲ್ಲ? 'ಇದು ಮನುಷ್ಯ, ಬಿಡು' ಎಂದು ಕಲಿಸಿದ್ದು? ಮತ್ತೆ ಫ್ಯಾನಿನ ಸದ್ದೆಂದು ಅವರನ್ನು ನುಂಗಿಬಿಟ್ಟರೆ?

ಅವಳು ಸೆಲ್ಲನ್ನು ಬಟ್ಟಲಿನಿಂದ ತೆಗೆದು, ಇದ್ದ ಜಾಗದಲ್ಲೇ ಒತ್ತಿ ಕೂರಿಸಿದಳು. ಮರುದಿನ ಮುಬೀನಾಳ ಸ್ಕೂಟಿ ಓಣಿಯ ಬಾಯಿಗೆ ಬಂದದ್ದು ಕಂಡಾಗ ಮತ್ತೆ ತೆಗೆದು ಬಟ್ಟಲಿಗೆ ಹಾಕಿ, ಒಲೆಯ ಮುಂದೆ ಕೂತು ಏನೂ ಅರಿಯದವಳಂತೆ ಬೆಂಕಿ ಊದಿದಳು. ಒಲೆ ಗ್ಯಾಸಿನದು ಎನ್ನುವುದು ಆಮೇಲೆ ನೆನಪಾಯಿತು.

ಮುಬೀನಾ ಎಲ್ಲ ಜೋಡಿಸಿ ಗುಂಡಿ ಒತ್ತಿದಳು. ಫ್ಯಾನು ಸುತ್ತಿತು, ನಿಂತಿತು. ಮತ್ತೆ ಸುತ್ತಿತು, ನಿಂತಿತು. ಅವಳ ಮುಖ ಇಳಿಯಿತು. "ಹಂಗಾದ್ರ ಚಿಪ್ಪ ಸತ್ತೈತಿ, ಕಾಕೂ. ಲ್ಯಾಬಿಗೆ ಒಯ್ಯೂಣು."

ಪೆಟ್ಟಿಗೆಯ ಜೊತೆ ಕಾಶವ್ವನೂ ಆಟೋ ಹತ್ತಿದಳು. ಪಾಲಿಟೆಕ್ನಿಕ್ಕಿನ ಲ್ಯಾಬು ಅವಳ ಮಗ್ಗದ ಕೋಣೆಗಿಂತ ಧೂಳಾಗಿತ್ತು, ಅದನ್ನು ಅವಳು ಬಾಗಿಲಲ್ಲೇ ಹೇಳಿದಳು. ಮುಬೀನಾ ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲೆ ಮಲಗಿಸಿ, ಚಿಪ್ಪನ್ನು ಕಿತ್ತು, ಬೇರೆ ಹೊಸ ಚಿಪ್ಪು ಹಾಕಿ ನೋಡಿದಳು. ಅದೇ ಕೆಮ್ಮು. ಭೂತಗನ್ನಡಿ ಹಿಡಿದು ಉಬ್ಬಿದ ಕೆಪಾಸಿಟರು, ಕರಗಿದ ಬೆಸುಗೆ ಏನಾದರೂ ಇದೆಯೇ ಎಂದು ಹುಡುಕಿದಳು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದೂ ಏಳದ ಯಂತ್ರದಷ್ಟು ಸಿಟ್ಟು ತರಿಸುವುದು ಲೋಕದಲ್ಲಿ ಮತ್ತೊಂದಿಲ್ಲ.

"ಬೋರ್ಡ ಹೋತು" ಎಂದಳು ಮುಬೀನಾ, ಸ್ಟೂಲಿನ ಮೇಲೆ ಕುಸಿದು. "ಈ ಬೋರ್ಡ ನಾ ಕೈಲೆ ಮಾಡಿದ್ದು, ಇನ್ನೊಂದಿಲ್ಲ. ಸೋಮವಾರ ಕಾಲೇಜಿನ ಕಮಿಟಿ ನೋಡಾಕ ಬರತೈತಿ. ಓಡದಿದ್ದದ್ದು ನೋಡಿದ್ರ ಪ್ರಯೋಗ ಮುಗೀತು ಅಂತಾರ, ತಂತಿ ಸುದ್ದಾ ಬಿಚ್ಚಿಕೊಂಡು ಹೋಗ್ತಾರ."

ಕಾಶವ್ವ ಬೋರ್ಡಿನ ಮೇಲೆ ಬಗ್ಗಿದಳು. "ಅದಕ್ಕ ಕಲಿಸಿದ್ದರ ಉಳೀತೈತೇನು? ನಮ್ಮವರ ಮಾತು?"

"ಅದು ಎಲ್ಲಿ ಹೋಗತೈತಿ? ಓಣಿ ಸದ್ದು, ಕಾಕಾನ ಮಾತು ಎಲ್ಲಾ ಡಿಸ್ಕಿನ್ಯಾಗ ಭದ್ರ ಐತಿ. ಅದ ಬ್ಯಾರೆ, ಇದ ಬ್ಯಾರೆ."

"ಹಂಗಂದ್ರ ಆ ಗುಂಡಿ ಸೆಲ್ಲು? ಎಲ್ಲಾ ಮರೀತೈತಿ ಅಂದಿ?"

"ಬೋರ್ಡ ಮರೀತೈತಿ ಅಂದೆ. ಬೋರ್ಡಿಗೆ ಏನು ಮಹಾ ನೆನಪು? ಎಷ್ಟು ವೇಗದಾಗ ಏಳಬೇಕು ಅನ್ನೂದು, ಇವತ್ತ ಯಾವ ತಾರೀಖು ಅನ್ನೂದು, ಇಷ್ಟ. ನೀವು ಏರಿಸಿದ ಗೆರಿ ಅದರಾಗಿರತೈತಿ. ಪ್ರತಿ ಸಲಾ ಏಳತೈತಿ, ಆ ವೇಗಕ್ಕ ಓಡಾಕ ಹೋಗತೈತಿ, ಬೀಳತೈತಿ. ಅದನ್ನ ಮರೀಲಿ ಅಂತನ ಸೆಲ್ ತಗದಿದ್ದೆ. ಮರತರೂ ಏಳಲಿಲ್ಲ ನೋಡ್ರಿ, ಅದಕ್ಕ..."

"ಅದು ಮರತಿಲ್ಲ" ಎಂದಳು ಕಾಶವ್ವ.

"ಮರತಿಲ್ಲ ಅಂದ್ರ? ಒಂದಿನಾ ಪೂರ್ತಿ ಬೋಳು..."

"ಬೋಳು ಯಾವಾಕಿ ಬಿಟ್ಲು? ನೀ ಹೋದ ಗಳಿಗ್ಯಾಗ ನಾ ಅದನ್ನ ಹೊಳ್ಳಿ ಹಾಕೀನಿ. ನೀ ಬರೂದು ನೋಡಿ ತಗದೀನಿ."

ಮುಬೀನಾ ಬಾಯಿ ತೆರೆದು ಕೂತಳು. ಕಾಶವ್ವನಿಗೆ ನಾಚಿಕೆಯಾಯಿತು, ನಾಚಿಕೆಯಾದರೆ ಅವಳಿಗೆ ಬರುವುದು ಸಿಟ್ಟು. "ನನ್ನ ಏನು ನೋಡ್ತಿ? 'ಎಲ್ಲಾ ಮರೀತೈತಿ' ಅಂತ ಅರ್ಧಾ ಹೇಳಿ ಓಡಿ ಹೋದ್ರ ಯಾರಿಗೆ ತಿಳೀತೈತಿ? ಇಲ್ಲಿ ನೀ ಅರ್ಧಾ ಹೇಳತಿ, ಮನ್ಯಾಗ ನಮ್ಮವರು ಅರ್ಧಾ ಹೇಳ್ತಾರ! ಒಬ್ಬರಿಗರ ಪೂರ್ತಿ ಹೇಳೂ ಚಟಾ ಐತೇನು?"

ಮುಬೀನಾ ನಗತೊಡಗಿದಳು. ನಗುತ್ತ ನಗುತ್ತ ಮೇಜಿಗೆ ಹಣೆ ಹಚ್ಚಿದಳು. "ಎರಡು ದಿನಾ, ಕಾಕೂ! ನಾ ಚಿಪ್ಪು ಬದಲಿ ಮಾಡಿ, ಬೆಸುಗಿ ಹುಡುಕಿ..."

"ನಕ್ಕದ್ದು ಸಾಕು. ತಗೀ ಅದನ್ನ."

ಸೆಲ್ಲನ್ನು ಈ ಸಲ ಕಾಶವ್ವನೇ ತನ್ನ ಉಗುರಿನಿಂದ ಎಬ್ಬಿಸಿದಳು. ತಂತಿಗಳೆಲ್ಲ ಹೊರಗೆ. ಬೋರ್ಡಿನ ಒಳಗೆ ಅಡಗಿದ ಕರೆಂಟೂ ಹೋಗಲಿ ಎಂದು ಮುಬೀನಾ ಗುಂಡಿಯನ್ನು ಒತ್ತಿ ಹಿಡಿದಳು. ರಟ್ಟಿನ ಮೇಲೆ ಬೋಳಾಗಿ ಮಲಗಿದ ಅದನ್ನು ನೋಡುತ್ತ ಕಾಶವ್ವ ಸೆಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿ, ಆ ಗಂಟನ್ನು ಹಲ್ಲಿನಲ್ಲಿ ಬಿಗಿದಳು. ತನ್ನ ಕೈಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ನಮೂನೆ ಪೂರ್ತಿ ಬೇರೆಯಾದಾಗ, ಅಚ್ಚು ಬದಲಾದಾಗ, ಹಳೇ ಹಾಸನ್ನು ಕತ್ತರಿಸಲೇಬೇಕಾಗುತ್ತದೆ ಎನ್ನುವುದು ಅವಳಿಗೂ ಗೊತ್ತಿತ್ತು. ಅತ್ತೆಯೂ ಒಮ್ಮೆ ಕತ್ತರಿಸಿದ್ದಳು, ಆಮೇಲೆ ದಿನವಿಡೀ ಯಾರ ಜೊತೆಗೂ ಮಾತಾಡಿರಲಿಲ್ಲ.

ಇಬ್ಬರೂ ಕ್ಯಾಂಟೀನಿಗೆ ಹೋಗಿ ಮಿರ್ಚಿ ತಿಂದು, ಚಹಾ ಕುಡಿದು, ಚಹಾ ನೀರಾಗಿದೆ ಎಂದು ಕ್ಯಾಂಟೀನಿನವನ ಜೊತೆ ಜಗಳ ತೆಗೆದು, ಅದನ್ನು ಮುಗಿಸಿ ಬಂದರು. ಸೆಲ್ಲು ಕೂತಿತು. ಹಳೇ ಚಿಪ್ಪು ಕೂತಿತು. ತಂತಿ ಕೂತವು. ಮುಬೀನಾ ಗುಂಡಿ ಒತ್ತಿದಳು.

ಫ್ಯಾನು ಸುತ್ತಿತು. ಸುತ್ತಿತು. ನಿಲ್ಲಲಿಲ್ಲ. 'ಪೀಂ' ಎಂದು ಒಂದೇ ಒಂದು ದನಿ ಹೊರಟಿತು, ಆಗ ಹುಟ್ಟಿದ ಮೇಕೆಮರಿಯ ಹಾಗೆ. ತೆರೆ ಬೆಳಗಿತು. ಕಾಶವ್ವ ಮುಬೀನಾಳ ಬೆನ್ನಿಗೆ ಗುದ್ದಿದ ಗುದ್ದು ಮುಂದೆ ಒಂದು ವಾರ ನೋಯಿತು.

ತೆರೆಯ ಮೂಲೆಯಲ್ಲಿ ತಾರೀಖು ತಪ್ಪಾಗಿತ್ತು. ಎಷ್ಟೋ ವರ್ಷ ಹಿಂದಿನ ಜನವರಿ ಒಂದು. ಮುಬೀನಾ ತಿದ್ದಲು ಕೈ ಚಾಚಿದಳು. ಕಾಶವ್ವ ಲೆಕ್ಕ ಹಾಕಿದಳು. ಆ ಜನವರಿಯಲ್ಲಿ ಗಂಡನ ಗಂಟಲು ಇನ್ನೂ ನೆಟ್ಟಗಿತ್ತು.

"ಇರಲಿ ಬಿಡು," ಎಂದಳು. "ಚಹಾ ಕುಡದದ್ದರ ಕರಗಲಿ, ಆಮ್ಯಾಲ ತಿದ್ದೀಯಂತ."

ಒಂದು ತೊಡಕು ಉಳಿದಿತ್ತು. ಪೆಟ್ಟಿಗೆ ಈಗ ಎಂದಿನ ನಡಿಗೆಯಲ್ಲಿ ಮಾತ್ರ ನಡೆಯಬಲ್ಲದು. ಈರಭದ್ರಪ್ಪನ ಮಗ್ಗಗಳ ಓಟ ಅದಕ್ಕೆ ಸಾಗದು. ಆಟೋದಲ್ಲಿ ಬರುವಾಗ ಕಾಶವ್ವ ಅವನಿಗೆ ಹೇಳಬೇಕಾದ ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಳು. ಕೆಲವು ತವರಿನಿಂದ ತಂದವು, ಇನ್ನೂ ಬಳಸಿರಲಿಲ್ಲ.

ಓಣಿಗೆ ಬಂದರೆ ಈರಭದ್ರಪ್ಪ ಅವಳ ಕಟ್ಟೆಯ ಮೇಲೆಯೇ ಕೂತಿದ್ದ. ಕಣ್ಣು ಕೆಂಪು, ಕೂದಲು ಕೆದರಿತ್ತು.

"ವೈನಿ, ಪೆಟ್ಟಿಗಿ ಆತೇನು?" ಎಂದು ಕೂಗಿ ಕೇಳಿದ.

"ಆಗೇತಿ. ಆದ್ರ ನಿನ್ನ ಮಗ್ಗಾ..."

"ಸಾವಕಾಶ ಓಡಸ್ತೀನಿ! ನೀವು ಹೇಳಿದಷ್ಟ ಓಡಸ್ತೀನಿ! ನಮ್ಮಾಕಿ ನನ್ನ ಗೊರಕಿಗೆ ಮಾಳಿಗಿ ಮ್ಯಾಲ ಹಾಕ್ಯಾಳ, ವೈನಿ. ಅಲ್ಲಿ ಗುಂಗಾಡು ಕಡದು ರಕ್ತಾ ಹೀರತಾವು. ಕಣ್ಣು ಮುಚ್ಚಿಲ್ಲ ನಾನು."

ಕಾಶವ್ವನಿಗೆ ಜೋಡಿಸಿಟ್ಟ ಬೈಗುಳಗಳು ವ್ಯರ್ಥವಾದದ್ದಕ್ಕೆ ಸ್ವಲ್ಪ ಬೇಸರವಾಯಿತು. ಒಂದನ್ನು ಮಾತ್ರ ಬೈದಳು, ತವರಿನಿಂದ ತಂದ ಋಣಕ್ಕೆ.

ಸಂಜೆ ಬಿಸಿಲು ಇಳಿಯುತ್ತಿದ್ದಾಗ ಮುಬೀನಾ ಪೆಟ್ಟಿಗೆಯ ಗುಂಡಿ ಒತ್ತಿದಳು. ಗದ್ದಲ ಕೆಳಗಿಳಿಯಿತು, ಉಕ್ಕಿದ ಹಾಲಿಗೆ ನೀರು ಚಿಮುಕಿಸಿದ ಹಾಗೆ. ಎಲ್ಲೋ ಒಂದು ಕೂಸು ಅಳತೊಡಗಿತು. ಎಲ್ಲರಿಗೂ ಆ ಅಳು ಹಬ್ಬದ ಹಾಗೆ ಕೇಳಿಸಿತು. ಕಟ್ಟೆ ತುಂಬಿತು, ಕಟ್ಟೆಯ ಕೆಳಗೂ ಜನ ಕೂತರು. ಈರಭದ್ರಪ್ಪ ಕಂಬಕ್ಕೆ ಒರಗಿ ಕಾಲು ಚಾಚಿದ.

ಕಾಶವ್ವ ಗಂಡನ ಎದುರಿಗೇ ಕೂತಳು. "ಹೂಂ. ಅಳಿಯಾ ಎದ್ದು ಕುಂತ."

ಗುರುಪಾದಪ್ಪ ಅವಸರ ಮಾಡಲಿಲ್ಲ. ಎಲೆಗೆ ಸುಣ್ಣ ಹಚ್ಚಿದ, ಮಡಚಿದ, ಬಾಯಿಗಿಟ್ಟ. ಅವಳು ಅವನ ಮೊಣಕಾಲು ಚಿವುಟಿದಳು.

"ಅಳಿಯಾ ದಡಬಡಿಸಿ ಎದ್ದು ಕುಂತ," ಎಂದಿತು ಪಿಸುಮಾತು, ನೆಟ್ಟಗೆ, ಒಂದಕ್ಷರ ಕಳೆಯದೆ. "ಊರ ಮಂದೆಲ್ಲಾ ಪರಾತ, ಕೊಡಾ ಹಿಡಕೊಂಡು ನೆಲಕ್ಕ ಬಿದ್ದಾರ. ಹೇಣ್ತಿ ಸೌಟು ಎದಿಗವಚಿಕೊಂಡು ಮಲಗ್ಯಾಳ. ಲೈಟಿನ ಕಂಬಾನ ನೋಡಿರದ ಊರು. ಅಳಿಯಾ ಹೇಣ್ತಿ ಕಡೆ ನೋಡಿ ಅಂದ: 'ಏ ಇಕಿನ, ಯಾಕ, ಕರೆಂಟ್ ಹೋತೇನು?'"

ಓಣಿ ಸಿಡಿಯಿತು. ಮಗ್ಗ ನಿಂತರೆ ಎಚ್ಚರಾಗುವ ಜನ ಅವರೆಲ್ಲ, ಕರೆಂಟು ಹೋದಾಗಲೇ ಕಣ್ಣು ಬಿಡುವವರು. ಮುದುಕರು ಬೊಚ್ಚು ಬಾಯಿ ತೆರೆದು ನಕ್ಕರು, ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ಸೂರಿನ ಮೈಕುಗಳು ಆ ನಗುವನ್ನು ಕೇಳಿ ಪೆಟ್ಟಿಗೆಗೆ ಹೇಳಿದವು. ಪೆಟ್ಟಿಗೆ ಲೆಕ್ಕ ಹಾಕಿತು, ಸಿಗಲಿಲ್ಲ, ಬಿಟ್ಟಿತು. ಕಾಶವ್ವ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂದಿತ್ತು. "ಇಷ್ಟಕ್ಕ ಇಷ್ಟು ವರ್ಷ ಸತಾಯಿಸಿದ್ರಿ! ಇಷ್ಟಕ್ಕ!" ಎಂದು ಗಂಡನ ಮೊಣಕಾಲಿಗೆ ಬಡಿಯುತ್ತಿದ್ದಳು, ಕೊಡಪಾನ ಬಡಿದ ಹಾಗೆ.

ನಗು ಸೋತು, ಎಲ್ಲರೂ ಉಸಿರು ತಿರುಗಿಸಿಕೊಳ್ಳಲು ನಿಂತರು. ಓಣಿ ಸುಮ್ಮನಾಯಿತು.

ಆಗ ಕಂಬದ ಕಡೆಯಿಂದ ಒಂದು ಸದ್ದು ಎದ್ದಿತು. ಗರಗಸದಿಂದ ಹುಣಸೆ ಮರ ಕೊಯ್ದಂಥ ಸದ್ದು. ಕತೆ ಮುಗಿಯುವ ಮೊದಲೇ ನಿದ್ದೆಗೆ ಜಾರಿದ್ದ ಈರಭದ್ರಪ್ಪ, ಬಾಯಿ ತೆರೆದು, ಮನಸಾರೆ ಗೊರಕೆ ಹೊಡೆಯುತ್ತಿದ್ದ. ಇಷ್ಟು ಹೊತ್ತು ಪೆಟ್ಟಿಗೆ ನುಂಗುತ್ತಿದ್ದ ಗೊರಕೆ ಈಗ ಇಡೀ ಓಣಿಗೆ ಕೇಳುತ್ತಿತ್ತು.

ಮುಬೀನಾ ಗಾಬರಿಯಿಂದ ಪಡಸಾಲೆಯ ಕಡೆ ಹಾರಿದಳು. ಮತ್ತೆ ಸತ್ತಿತೇ? ಕಾಶವ್ವ ಮಾತ್ರ ಕಿವಿಗೊಟ್ಟು ಕೇಳಿದಳು. ಗೊರಕೆ ಬಿಟ್ಟರೆ ಏನೂ ಇಲ್ಲ. ಒಂದು ಮಗ್ಗದ ಸದ್ದೂ ಇಲ್ಲ. ಪೆಟ್ಟಿಗೆ ಸತ್ತಿದ್ದರೆ ಮಗ್ಗ ಕೇಳಬೇಕಿತ್ತಲ್ಲ?

ಅವಳು ಮುಬೀನಾಳ ಸೆರಗು ಹಿಡಿದು ಕೂರಿಸಿದಳು. ಗಂಡನ ಕಡೆ ಒಮ್ಮೆ ನೋಡಿದಳು. ಅವನಿಗೂ ತಿಳಿದಿತ್ತು. ಎಲೆ ತುಂಬಿದ ಬಾಯಲ್ಲಿ ನಗು ತಡೆದುಕೊಂಡು, ನೀನೇ ಹೇಳು ಎಂದು ಹುಬ್ಬು ಹಾರಿಸಿದ.

ಕಾಶವ್ವ ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುಮಾತಿನಲ್ಲಿ ಹೇಳಿದಳು:

"ಯಾಕ, ಕರೆಂಟ್ ಹೋತೇನು?"